ಒಂದೇ ಬುಡ, ಹಲವು ಕವಲು: ಹಾಲೆ ಮರ, ಕಾಸರ್ಕ ಮತ್ತು ರಸಾಯನಶಾಸ್ತ್ರದ ಒಂದು ಪಾಠ

ಆಷಾಢ ಮಾಸದ ಕೊನೆಯ ಅಮಾವಾಸ್ಯೆಯನ್ನು ಉತ್ತರ ಕರ್ನಾಟಕದಲ್ಲಿ ನಾಗರ ಅಮಾವಾಸ್ಯೆಯೆಂದೂ, ಹಳೆಯ ಮೈಸೂರು ಸೀಮೆಯಲ್ಲಿ ಭೀಮನ ಅಮಾವಾಸ್ಯೆಯೆಂದೂ, ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯೆಂದೂ ಕರೆಯುವುದು ರೂಢಿ. ಅಂದು ಕರಾವಳಿಯ ಜನರು ಸೂರ್ಯೋದಯಕ್ಕೆ ಮುನ್ನ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅದರ ರಸಕ್ಕೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಮುಂತಾದವುಗಳನ್ನು ಸೇರಿಸಿ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಹಾಲೆಯೆಂದರೆ ಆಯುರ್ವೇದದ ಸಪ್ತಪರ್ಣ. ಜ್ವರಗಳಲ್ಲಿ ಅದರ ತೊಗಟೆಯ ಉಪಯೋಗವನ್ನು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಆಯುಷ್-64 ಎಂಬ ಈ ಕಾಲದ ಯೋಗದಲ್ಲಿಯೂ ಅದು ಒಂದು ಮುಖ್ಯ ದ್ರವ್ಯವಾಗಿದೆ.

ಅದೇ ಕಾಡಿನಲ್ಲಿ, ಅದೇ ಮಳೆಯಲ್ಲಿ ತೊಯ್ದು ಇನ್ನೊಂದು ಮರವೂ ನಿಂತಿರುತ್ತದೆ. ಅದು ಕಾಸರ್ಕ. ಕೆಲವೆಡೆ ಅದನ್ನು ಕಾಸರಕ, ಹೆಮ್ಮುಷ್ಟಿ ಎಂದೂ ಹೇಳುವರು. ಸಂಸ್ಕೃತದಲ್ಲಿ ಕಾರಸ್ಕರ, ಕುಪೀಲು, ವಿಷಮುಷ್ಟಿ ಎಂಬ ಹೆಸರುಗಳಿವೆ. ಕತ್ತಲಲ್ಲಿ ಹಾಲೆಯೆಂದು ಭ್ರಮಿಸಿ ಕಾಸರ್ಕದ ತೊಗಟೆಯನ್ನು ತಂದು ಕುಡಿದವರು ಪ್ರಾಣಾಪಾಯಕ್ಕೆ ಸಿಲುಕಿದ ಪ್ರಸಂಗಗಳು ಕರಾವಳಿಯಲ್ಲಿ ವರದಿಯಾಗಿವೆ. ಎರಡೂ ತೊಗಟೆಗಳು ಕಹಿ, ಎರಡೂ ‘ನೈಸರ್ಗಿಕ’. ಒಂದು ಔಷಧಿಯಾದರೆ ಮತ್ತೊಂದು ಕೊಲ್ಲಬಲ್ಲದು.

ಈ ಎರಡು ಮರಗಳ ಕಹಿಯ ಮೂಲವನ್ನು ಹುಡುಕುತ್ತ ಹೋದ ರಸಾಯನಶಾಸ್ತ್ರಜ್ಞರಿಗೆ ಕಂಡದ್ದು ಆಶ್ಚರ್ಯಕರವಾದ ಸಂಗತಿ. ಹಾಲೆಯ ಸತ್ತ್ವವೂ ಕಾಸರ್ಕದ ವಿಷವೂ ಒಂದೇ ತಾಯಿ ಅಣುವಿನಿಂದ ಹುಟ್ಟಿದ ಮಕ್ಕಳು. ದಾರಿಯಲ್ಲಿ ಎಲ್ಲಿಯೋ ಕವಲೊಡೆದು ಬೇರೆಯಾದವರು. ಈ ಕವಲೊಡೆಯುವ ಕ್ರಮವನ್ನೇ ಅನುಸರಿಸಿ, ಪ್ರಯೋಗಾಲಯದಲ್ಲಿ ಒಂದು ವಸ್ತುವಿನಿಂದ ಹಲವು ಸಸ್ಯಸತ್ತ್ವಗಳನ್ನು ಕಟ್ಟುವ ವಿದ್ಯೆಯೂ ಬೆಳೆದಿದೆ. ಅದನ್ನು ಕನ್ನಡದಲ್ಲಿ ‘ಕವಲು ಸಂಶ್ಲೇಷಣೆ’ ಎಂದು ಕರೆಯಬಹುದು. ಔಷಧಿಯನ್ನು ಸೇವಿಸುವ ಪ್ರತಿಯೊಬ್ಬರೂ ಅರಿತಿರಬೇಕಾದ ಒಂದು ತತ್ತ್ವ ಅದರಲ್ಲಿ ಅಡಗಿರುವುದರಿಂದ, ಈ ಸಂಚಿಕೆಯಲ್ಲಿ ಆ ವಿಷಯವನ್ನು ಆದಷ್ಟು ಸರಳವಾಗಿ ಓದುಗರ ಮುಂದಿಡಲು ಬಯಸುತ್ತೇನೆ.

ಒಂದು ತಾಯಿ ಅಣುವಿನ ಸಂತಾನ

ಸಸ್ಯಗಳಲ್ಲಿ ದೊರೆಯುವ, ಸಾರಜನಕವನ್ನು ಒಳಗೊಂಡ, ಸಾಮಾನ್ಯವಾಗಿ ಕಹಿಯಾದ ಸತ್ತ್ವಗಳಿಗೆ ಆಲ್ಕಲಾಯ್ಡ್‌ಗಳೆಂದು ಹೆಸರು. ಬಹಳ ಸ್ವಲ್ಪ ಪ್ರಮಾಣದಲ್ಲಿಯೇ ಇವು ದೇಹದ ಮೇಲೆ ತೀವ್ರವಾದ ಪರಿಣಾಮವನ್ನು ಬೀರುತ್ತವೆ. ಅವುಗಳಲ್ಲಿ ಒಂದು ದೊಡ್ಡ ಮನೆತನವಿದೆ. ಈ ಮನೆತನದ 2,000ಕ್ಕೂ ಹೆಚ್ಚು ಸದಸ್ಯರನ್ನು ವಿಜ್ಞಾನಿಗಳು ಇದುವರೆಗೆ ಗುರುತಿಸಿದ್ದಾರೆ. ಇವೆಲ್ಲವುಗಳ ಮೂಲಪುರುಷನ ಹೆಸರು ಸ್ಟ್ರಿಕ್ಟೊಸಿಡಿನ್.

ಸ್ಟ್ರಿಕ್ಟೊಸಿಡಿನ್ ಹುಟ್ಟುವುದು ಎರಡು ಚಿಕ್ಕ ಅಣುಗಳ ಕೂಡುವಿಕೆಯಿಂದ. ಒಂದು ಟ್ರಿಪ್ಟಮಿನ್, ಇದು ನಾವು ನಿತ್ಯವೂ ಹಾಲು, ಬೇಳೆಕಾಳುಗಳಲ್ಲಿ ಸೇವಿಸುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ಬರುತ್ತದೆ. ಇನ್ನೊಂದು ಸೆಕೊಲೊಗಾನಿನ್ ಎಂಬ ಸಸ್ಯಜನ್ಯ ವಸ್ತು. ಗಿಡದೊಳಗಿನ ಒಂದು ಕಿಣ್ವವು ಇವೆರಡನ್ನೂ ಬೆಸೆಯುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಂದು ಗಿಡವೂ ತನ್ನ ತನ್ನ ಕಿಣ್ವಗಳಿಂದ ಅದನ್ನು ಬಾಗಿಸಿ, ಮಡಿಸಿ, ಕತ್ತರಿಸಿ, ಮತ್ತೆ ಜೋಡಿಸಿ ತನಗೆ ಬೇಕಾದ ರೂಪವನ್ನು ಕೊಡುತ್ತದೆ.

ಹೀಗೆ ಹುಟ್ಟಿದ ಸಂತಾನದ ಹೆಸರುಗಳನ್ನು ನೋಡಿರಿ. ಸರ್ಪಗಂಧದ ಬೇರಿನಲ್ಲಿರುವ ರಿಸರ್ಪಿನ್ ರಕ್ತದೊತ್ತಡವನ್ನು ಇಳಿಸುವುದು. ಅದೇ ಬೇರಿನ ಅಜ್ಮಲಿನ್ ಹೃದಯದ ಲಯಕ್ಕೆ ಸಂಬಂಧಿಸಿದ್ದು. ಸಿಂಕೋನಾ ಮರದ ಕ್ವಿನೈನ್ ಮಲೇರಿಯಾಕ್ಕೆ ಮದ್ದಾಗಿ ಲೋಕವಿಖ್ಯಾತವಾಯಿತು. ನಮ್ಮ ಮನೆಯಂಗಳದ ನಿತ್ಯಪುಷ್ಪ ಅಥವಾ ಕಾಶಿ ಕಣಗಿಲೆಯ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್‌ಗಳು ರಕ್ತದ ಕ್ಯಾನ್ಸರಿನಂತಹ ವ್ಯಾಧಿಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಹಾಲೆಯ ತೊಗಟೆಯ ಎಕಿಟಮಿನ್, ಕಾಸರ್ಕದ ಸ್ಟ್ರಿಕ್ನಿನ್ ಎರಡೂ ಈ ಮನೆತನದವೇ. ಸ್ಟ್ರಿಕ್ಟೊಸಿಡಿನ್‌ನಿಂದ ಸ್ವಲ್ಪ ದೂರ ಇವೆರಡೂ ಒಂದೇ ದಾರಿಯಲ್ಲಿ ನಡೆದು, ಗೈಸೊಷಿಜಿನ್ ಎಂಬ ಅಣುವಿನ ಬಳಿ ಅಗಲುತ್ತವೆ. ಒಂದು ಬಂಧ ಇಲ್ಲಿ ಕೂಡಿದರೆ ಹಾಲೆಯ ಕಡೆಗೆ, ಅಲ್ಲಿ ಕೂಡಿದರೆ ಕಾಸರ್ಕದ ಕಡೆಗೆ.

ಕಾಸರ್ಕದ ಬೀಜ ಪ್ಯಾರಿಸ್‌ನಲ್ಲಿ

ಸಸ್ಯದ ಸತ್ತ್ವವನ್ನು ಬೇರ್ಪಡಿಸಿ ನೋಡುವ ಯುಗ ಆರಂಭವಾದದ್ದು 19ನೆಯ ಶತಮಾನದ ಮೊದಲಲ್ಲಿ. ಪ್ಯಾರಿಸ್ ನಗರದ ಪೆಲ್ಟಿಯೆ ಮತ್ತು ಕವಂತು ಎಂಬ ಇಬ್ಬರು ಔಷಧಶಾಸ್ತ್ರಜ್ಞರು 1818ರಲ್ಲಿ ಕಾಸರ್ಕದ ಜಾತಿಗೇ ಸೇರಿದ ಇನ್ನೊಂದು ಗಿಡದ ಬೀಜದಿಂದ ಸ್ಟ್ರಿಕ್ನಿನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಎರಡು ವರ್ಷಗಳ ತರುವಾಯ ಕ್ವಿನೈನ್ ಅನ್ನು ಬೇರ್ಪಡಿಸಿದವರೂ ಇವರೇ.

ಇವೆರಡರ ನಡುವೆ, 1819ರಲ್ಲಿ, ಅವರು ಬ್ರೂಸಿನ್ ಎಂಬ ಮತ್ತೊಂದು ಆಲ್ಕಲಾಯ್ಡನ್ನು ಕಂಡುಹಿಡಿದರು. ಆ ಕಥೆ ನಮ್ಮ ಆಟಿ ಅಮಾವಾಸ್ಯೆಯ ಅಪಾಯವನ್ನೇ ನೆನಪಿಗೆ ತರುವಂತಹುದು. ಆ ಕಾಲದ ಯೂರೋಪಿನಲ್ಲಿ ಜ್ವರಕ್ಕೆಂದು ದಕ್ಷಿಣ ಅಮೆರಿಕದ ಅಂಗೋಸ್ತುರ ಎಂಬ ಮರದ ತೊಗಟೆಯನ್ನು ಮಾರುತ್ತಿದ್ದರು. ಅದರೊಂದಿಗೆ ನೋಡಲು ಹಾಗೆಯೇ ಇರುವ ಮತ್ತೊಂದು ತೊಗಟೆಯೂ ಬೆರೆತು ಬಂದು ಜನರಿಗೆ ವಿಷವಾಯಿತು. ಅದಕ್ಕೆ ‘ಹುಸಿ ಅಂಗೋಸ್ತುರ’ ಎಂದು ಹೆಸರಾಯಿತು. ಬ್ರೂಸಿನ್ ದೊರೆತದ್ದು ಆ ಹುಸಿ ತೊಗಟೆಯಲ್ಲಿ. ಮೊದಲಿಗೆ ಅದು ಬ್ರೂಸಿಯ ಎಂಬ ಬೇರೊಂದು ಗಿಡದ್ದೆಂದು ತಿಳಿದು ಬ್ರೂಸಿನ್ ಎಂಬ ಹೆಸರಿಟ್ಟರು. ನಿಜವಾಗಿ ಅದು ಕಾಸರ್ಕದ ತೊಗಟೆಯಾಗಿತ್ತು! ಜ್ವರದ ತೊಗಟೆಯೆಂದು ಕಾಸರ್ಕದ ತೊಗಟೆಯನ್ನು ಕುಡಿಯುವ ಆಪತ್ತು, ಇನ್ನೂರು ವರ್ಷಗಳ ಹಿಂದೆಯೇ, ಸಾವಿರಾರು ಮೈಲಿ ದೂರದಲ್ಲಿಯೂ ಒದಗಿತ್ತು.

ಬೇರ್ಪಡಿಸುವುದು ಒಂದು ಕೆಲಸವಾದರೆ, ಆ ಅಣುವಿನ ಆಕಾರವನ್ನು ತಿಳಿಯುವುದು ಇನ್ನೊಂದು. ಸ್ಟ್ರಿಕ್ನಿನ್ ಅಣುವಿನಲ್ಲಿ 21 ಇಂಗಾಲ, 22 ಜಲಜನಕ, 2 ಸಾರಜನಕ ಮತ್ತು 2 ಆಮ್ಲಜನಕದ ಪರಮಾಣುಗಳಿವೆ. ಒಟ್ಟು ಕೇವಲ 47. ಆದರೆ ಅವು ಒಂದಕ್ಕೊಂದು ಹೆಣೆದುಕೊಂಡು ಏಳು ಉಂಗುರಗಳಾಗಿವೆ. ಅಣುವಿನ ಆರು ಎಡೆಗಳಲ್ಲಿ ಎಡಗೈ, ಬಲಗೈಗಳಂತೆ ಎರಡು ಬಗೆಯ ಜೋಡಣೆಗೆ ಅವಕಾಶವಿದೆ. ನಿಸರ್ಗ ಪ್ರತಿಯೊಂದು ಎಡೆಯಲ್ಲಿಯೂ ಒಂದನ್ನೇ ಆರಿಸಿಕೊಂಡಿದೆ. ಈ ಗಂಟನ್ನು ಬಿಡಿಸಲು 128 ವರ್ಷಗಳು ಬೇಕಾದವು. ಇಂಗ್ಲೆಂಡಿನ ರಾಬರ್ಟ್ ರಾಬಿನ್ಸನ್ 1946ರಲ್ಲಿ ಅದರ ಸರಿಯಾದ ರಚನೆಯನ್ನು ಸೂಚಿಸಿದರು. ಮರುವರ್ಷವೇ ಅವರಿಗೆ, ಸಸ್ಯಜನ್ಯ ವಸ್ತುಗಳ, ವಿಶೇಷವಾಗಿ ಆಲ್ಕಲಾಯ್ಡ್‌ಗಳ ಮೇಲಿನ ಕಾರ್ಯಕ್ಕಾಗಿ ನೊಬೆಲ್ ಪಾರಿತೋಷಕ ಸಂದಿತು.

ಆಕಾರ ತಿಳಿದ ಬಳಿಕ ಮೂರನೆಯ ಸವಾಲು: ಗಿಡದ ಸಹಾಯವಿಲ್ಲದೆ, ಸರಳವಾದ ವಸ್ತುಗಳಿಂದಲೇ ಆ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟುವುದು. ಇದಕ್ಕೆ ‘ಸಂಪೂರ್ಣ ಸಂಶ್ಲೇಷಣೆ’ ಎಂದು ಹೆಸರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವುಡ್‌ವರ್ಡ್ 1954ರಲ್ಲಿ ಅದನ್ನು ಸಾಧಿಸಿ ಜಗತ್ತನ್ನು ಬೆರಗುಗೊಳಿಸಿದರು. 1956ರಲ್ಲಿ ನಮ್ಮ ಸರ್ಪಗಂಧದ ರಿಸರ್ಪಿನ್ ಅನ್ನು ಕಟ್ಟಿದವರೂ ಅವರೇ. 1965ರ ನೊಬೆಲ್ ಪಾರಿತೋಷಕ ಅವರದಾಯಿತು. ಸ್ಟ್ರಿಕ್ನಿನ್ ಅನ್ನು ಮತ್ತೊಬ್ಬರು ಪೂರ್ಣವಾಗಿ ಕಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ನಾಲ್ಕು ದಶಕಗಳು ಉರುಳಿದ್ದವು ಎಂದರೆ ಆ ಕೆಲಸದ ಕಠಿಣತೆಯನ್ನು ಊಹಿಸಬಹುದು.

ಸೋರಿಕೆಯ ಲೆಕ್ಕ

ವುಡ್‌ವರ್ಡ್ ಅವರ ದಾರಿಯಲ್ಲಿ ಸುಮಾರು 29 ಹಂತಗಳಿದ್ದವು. ಹಂತಗಳು ಹೆಚ್ಚಾದರೆ ಏನು ತೊಂದರೆ? ಔಷಧಿ ತಯಾರಿಸಿದವರಿಗೆಲ್ಲ ಗೊತ್ತಿರುವಂತೆ, ಕುದಿಸಿ ಸೋಸಿ ಆರಿಸುವಾಗ ಪ್ರತಿಸಲವೂ ಒಂದಿಷ್ಟು ಪಾತ್ರೆಗೆ ಅಂಟಿ, ಬಟ್ಟೆಗೆ ಹೀರಿ, ಹಾಳಾಗಿ ಹೋಗುತ್ತದೆ. ರಾಸಾಯನಿಕ ಕ್ರಿಯೆಗಳಲ್ಲಿಯೂ ಹಾಗೆಯೇ. ಪ್ರತಿಯೊಂದು ಹಂತದಲ್ಲಿಯೂ ನೂರಕ್ಕೆ ಎಂಬತ್ತು ಪಾಲು ಕೈಗೆ ಬಂದಿತೆಂದು ಇಟ್ಟುಕೊಳ್ಳೋಣ. ಅದು ಒಳ್ಳೆಯ ಪ್ರಮಾಣವೇ. ಹನ್ನೆರಡು ಹಂತಗಳು ಕಳೆದಾಗ ಉಳಿಯುವುದು ನೂರಕ್ಕೆ ಸುಮಾರು ಏಳು ಪಾಲು. ಇಪ್ಪತ್ತೊಂಬತ್ತು ಹಂತಗಳು ಕಳೆದಾಗ ಉಳಿಯುವುದು ನೂರಕ್ಕೆ ಕೇವಲ 0.15 ಪಾಲು. ಮೊದಲ ಸಂಶ್ಲೇಷಣೆಯಲ್ಲಿ ಹಲವು ಹಂತಗಳು ಇದಕ್ಕಿಂತಲೂ ಕಡಿಮೆ ಫಲವನ್ನು ಕೊಟ್ಟುದರಿಂದ, ಕೊನೆಗೆ ದೊರೆತದ್ದು ನೂರಕ್ಕೆ 0.0001 ಪಾಲಿಗಿಂತಲೂ ಕಡಿಮೆ.

ಇಷ್ಟೆಲ್ಲ ಶ್ರಮಪಟ್ಟು ತಲುಪುವುದು ಒಂದೇ ಒಂದು ಅಣುವನ್ನು. ಅದರ ಪಕ್ಕದ ಸೋದರ ಅಣುವೊಂದು ಬೇಕೆಂದರೆ ಮತ್ತೆ ಮೊದಲಿನಿಂದ ಹೊರಡಬೇಕು. ಒಂದು ಊರಿಗೆ ಒಂದು ದಾರಿ, ನೆರೆಯ ಊರಿಗೆ ಮತ್ತೊಂದು ದಾರಿ, ಎಲ್ಲವೂ ರಾಜಧಾನಿಯಿಂದಲೇ ಆರಂಭ ಎಂದರೆ ಹೇಗೋ ಹಾಗೆ. ನಿಸರ್ಗ ಹೀಗೆ ದುಂದು ಮಾಡುವುದಿಲ್ಲ. ಅದು ಒಂದು ಹೆದ್ದಾರಿಯನ್ನು ಸ್ಟ್ರಿಕ್ಟೊಸಿಡಿನ್‌ವರೆಗೆ ಹಾಕಿ, ಅಲ್ಲಿಂದ ಸಾವಿರಾರು ಕಾಲುದಾರಿಗಳನ್ನು ತೆರೆದಿದೆ.

ಒಂದು ಕ್ವಾಥ, ಐದು ಕಲ್ಪ

ಈ ಜಾಣ್ಮೆ ಆಯುರ್ವೇದದ ಔಷಧಶಾಲೆಗೆ ಹೊಸತಲ್ಲ. ನಮ್ಮ ಭೈಷಜ್ಯಕಲ್ಪನೆಯಲ್ಲಿ ಒಂದು ದ್ರವ್ಯದ ಕ್ವಾಥವನ್ನು ಸಿದ್ಧಪಡಿಸಿಕೊಂಡರೆ, ಅದಕ್ಕೆ ಬೆಲ್ಲವನ್ನೂ ಧಾತಕಿ ಹೂವನ್ನೂ ಸೇರಿಸಿ ಸಂಧಾನ ಮಾಡಿದಾಗ ಅರಿಷ್ಟವಾಗುತ್ತದೆ; ಸಕ್ಕರೆ ಹಾಕಿ ಪಾಕ ಬರಿಸಿದಾಗ ಅವಲೇಹವಾಗುತ್ತದೆ; ತುಪ್ಪದಲ್ಲಿ ಪಾಕಮಾಡಿದಾಗ ಘೃತ, ಎಣ್ಣೆಯಲ್ಲಿ ಪಾಕಮಾಡಿದಾಗ ತೈಲ, ನೀರಿನಂಶವೆಲ್ಲ ಇಂಗುವಂತೆ ಕಾಯಿಸಿದಾಗ ಘನವಾಗುತ್ತದೆ. ಕ್ವಾಥದವರೆಗೆ ಕೆಲಸ ಒಂದೇ. ಕವಲುಗಳು ಅಲ್ಲಿಂದ ಮುಂದೆ. ಆದುದರಿಂದಲೇ ಕ್ವಾಥವನ್ನು ಎಚ್ಚರಿಕೆಯಿಂದ ಮಾಡಬೇಕೆಂದು ನಮ್ಮ ಗುರುಗಳು ಒತ್ತಿ ಹೇಳುತ್ತಿದ್ದರು. ಅದು ಕೆಟ್ಟರೆ ಐದೂ ಕೆಟ್ಟಂತೆ.

ಕವಲು ಸಂಶ್ಲೇಷಣೆಯ ತತ್ತ್ವವೂ ಇದೇ. ಹಲವು ಸಸ್ಯಸತ್ತ್ವಗಳಿಗೆ ಸಾಮಾನ್ಯವಾದ ಅಡಿಪಾಯ ಯಾವುದು ಎಂಬುದನ್ನು ರಸಾಯನಜ್ಞನು ಮೊದಲು ಆಲೋಚಿಸುತ್ತಾನೆ. ಆ ಅಡಿಪಾಯದ ವಸ್ತುವನ್ನು ಕಡಿಮೆ ಹಂತಗಳಲ್ಲಿ, ಹೆಚ್ಚು ಪ್ರಮಾಣದಲ್ಲಿ, ಎಡಗೈ ಬಲಗೈಗಳ ಗೊಂದಲವಿಲ್ಲದಂತೆ ಸಿದ್ಧಪಡಿಸಿಕೊಳ್ಳುತ್ತಾನೆ. ಬಳಿಕ ಅದರಿಂದ ಒಂದೊಂದೇ ಕವಲನ್ನು ಹಿಡಿದು ಬೇರೆ ಬೇರೆ ಅಣುಗಳನ್ನು ತಲುಪುತ್ತಾನೆ.

ಇದಕ್ಕೆ ಪ್ರಸಿದ್ಧವಾದ ನಿದರ್ಶನ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಕ್‌ಮಿಲನ್ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಕಾರ್ಯ. ಅವರು ಅದನ್ನು ‘ಸಾಮೂಹಿಕ ಸಂಶ್ಲೇಷಣೆ’ ಎಂದು ಕರೆದರು. ನಾಲ್ಕು ಉಂಗುರಗಳುಳ್ಳ ಒಂದೇ ಅಡಿಪಾಯದ ಅಣುವಿನಿಂದ ಅವರು ಆರು ಆಲ್ಕಲಾಯ್ಡ್‌ಗಳನ್ನು ಕಟ್ಟಿದರು: ಸ್ಟ್ರಿಕ್ನಿನ್, ಅಕುಆಮಿಸಿನ್, ಆಸ್ಪಿಡೊಸ್ಪರ್ಮಿಡಿನ್, ವಿನ್‌ಕಾಡಿಫಾರ್ಮಿನ್, ಕಾಪ್ಸಿನಿನ್ ಮತ್ತು ಕಾಪ್ಸನೋನ್. ಈ ಹೆಸರುಗಳು ನೆನಪಿನಲ್ಲಿ ಉಳಿಯಬೇಕಾಗಿಲ್ಲ; ಅವುಗಳ ತವರುಗಳನ್ನು ಗಮನಿಸಿದರೆ ಸಾಕು. ಅಕುಆಮಿಸಿನ್ ಪಶ್ಚಿಮ ಆಫ್ರಿಕದ ಮರದ್ದು, ಆಸ್ಪಿಡೊಸ್ಪರ್ಮಿಡಿನ್ ಹೆಸರು ಪಡೆದದ್ದು ದಕ್ಷಿಣ ಅಮೆರಿಕದ ಮರಗಳಿಂದ, ವಿನ್‌ಕಾಡಿಫಾರ್ಮಿನ್ ಹೆಸರು ಪಡೆದದ್ದು ಯೂರೋಪಿನ ಬಳ್ಳಿಯಿಂದ, ಕಾಪ್ಸಿಯ ಗಿಡಗಳ ನೆಲೆ ಆಗ್ನೇಯ ಏಷ್ಯ. ಖಂಡಾಂತರಗಳಲ್ಲಿ ಹಂಚಿಹೋದ ಬಳಗ ಒಂದೇ ಪಾತ್ರೆಯ ಬಳಿ ಕೂಡಿದಂತಾಯಿತು.

ಅವರು ಅಡಿಪಾಯವನ್ನು ಕಟ್ಟಿದ ರೀತಿಯೂ ಮನೋಜ್ಞವಾದುದು. ಅಮೈನೋ ಆಮ್ಲದಿಂದ ತಯಾರಿಸಿದ, ಲೋಹದ ಸೋಂಕಿಲ್ಲದ ಚಿಕ್ಕ ಅಣುವೊಂದನ್ನು ಅವರು ವೇಗವರ್ಧಕವಾಗಿ ಬಳಸಿದರು. ಅದರ ಸಾನ್ನಿಧ್ಯದಲ್ಲಿ ಎರಡು ಸರಳ ವಸ್ತುಗಳು ಕೂಡಿ, ಒಂದು ಕ್ರಿಯೆ ಮುಗಿದೊಡನೆ ಅದೇ ಮುಂದಿನ ಕ್ರಿಯೆಯನ್ನು ಎಬ್ಬಿಸುತ್ತ, ಒಂದೇ ಪಾತ್ರೆಯಲ್ಲಿ ಸರಣಿಯಾಗಿ ಉಂಗುರಗಳು ಮೂಡಿದವು. ಎಡಗೈ ಬಲಗೈಗಳ ಆಯ್ಕೆಯನ್ನೂ ಆ ವೇಗವರ್ಧಕವೇ ನಿರ್ದೇಶಿಸಿತು. ಹೀಗೆ ಸ್ಟ್ರಿಕ್ನಿನ್ 12 ಹಂತಗಳಲ್ಲಿ, ನೂರಕ್ಕೆ 6.4 ಪಾಲು ಫಲದೊಂದಿಗೆ ದೊರೆಯಿತು. ಇಂತಹ ವೇಗವರ್ಧಕಗಳನ್ನು ರೂಪಿಸಿದುದಕ್ಕಾಗಿ ಮ್ಯಾಕ್‌ಮಿಲನ್ ಮತ್ತು ಜರ್ಮನಿಯ ಬೆಂಜಮಿನ್ ಲಿಸ್ಟ್ 2021ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇಷ್ಟಾದರೂ ಗಿಡ ತಾನೇ ಸ್ಟ್ರಿಕ್ನಿನ್ ಅನ್ನು ಹೇಗೆ ಮಾಡುತ್ತದೆ ಎಂಬುದು ಬಹುಕಾಲ ನಿಗೂಢವಾಗಿಯೇ ಇತ್ತು. ಜರ್ಮನಿಯ ಯೇನಾ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸಾರಾ ಓಕಾನರ್ ಅವರ ತಂಡ 2022ರಲ್ಲಿ ಅದರ ಕಿಣ್ವಗಳನ್ನು ಗುರುತಿಸಿತು. ಕಾಸರ್ಕವನ್ನು ಅದರದೇ ಜಾತಿಯ, ಆದರೆ ಸ್ಟ್ರಿಕ್ನಿನ್ ಇಲ್ಲದ ಇನ್ನೊಂದು ಗಿಡದೊಂದಿಗೆ ಹೋಲಿಸಿ, ಕವಲು ಎಲ್ಲಿ ಒಡೆಯಿತೆಂಬುದನ್ನು ಅವರು ಅರಿತರು. ಇದರಲ್ಲಿ ಒಂದು ವಿಶೇಷವಿದೆ. ದಾರಿಯ ಕಟ್ಟಕಡೆಯ ಹೆಜ್ಜೆಗೆ ಕಿಣ್ವವೇ ಬೇಕಾಗಿಲ್ಲ. ಸ್ಟ್ರಿಕ್ನಿನ್‌ನ ಹಿಂದಿನ ಅಣು ತಾನಾಗಿಯೇ ಮೆಲ್ಲಮೆಲ್ಲನೆ ಸ್ಟ್ರಿಕ್ನಿನ್ ಆಗಿ ಮಾರ್ಪಡುತ್ತದೆ.

ರೋಗಿಗೆ ಇದರಿಂದೇನು?

ವಿಷವೊಂದನ್ನು ಕಟ್ಟಲು ಇಷ್ಟು ತಪಸ್ಸೇಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಸ್ಟ್ರಿಕ್ನಿನ್ ಬೇಕಾದವರಿಗೆ ಕಾಸರ್ಕದ ಬೀಜ ಅಗ್ಗವಾಗಿಯೇ ದೊರೆಯುತ್ತದೆ. ಅದನ್ನು ಕಟ್ಟುವುದು ಗರಡಿಮನೆಯ ಸಾಧನೆಯಂತೆ. ಅಲ್ಲಿ ಕಲಿತ ವರಸೆ ಬೇರೆಡೆ ಉಪಯೋಗಕ್ಕೆ ಬರುತ್ತದೆ. ಆ ಉಪಯೋಗಗಳು ಮುಖ್ಯವಾಗಿ ಮೂರು.

ಮೊದಲನೆಯದು, ಸೋದರ ಅಣುಗಳ ಗುಣಪರೀಕ್ಷೆ. ಸ್ಟ್ರಿಕ್ನಿನ್ ಮತ್ತು ಬ್ರೂಸಿನ್‌ಗಳ ನಡುವಿನ ವ್ಯತ್ಯಾಸ ಎರಡೇ ಎರಡು ಚಿಕ್ಕ ಗುಂಪುಗಳು. ಉಳಿದ ಮೈಕಟ್ಟೆಲ್ಲ ಒಂದೇ. ಆದರೂ ಬ್ರೂಸಿನ್‌ನ ವಿಷತ್ವ ಬಹಳ ಕಡಿಮೆ. ಅಣುವಿನ ಯಾವ ಅಂಗ ಕೊಲ್ಲುತ್ತದೆ, ಯಾವುದು ಕಾಯುತ್ತದೆ ಎಂಬುದನ್ನು ತಿಳಿಯಬೇಕಾದರೆ ಒಂದೊಂದೇ ಅಂಗವನ್ನು ಬದಲಿಸಿದ ಹತ್ತಾರು ಸೋದರರು ಕೈಯಲ್ಲಿರಬೇಕು. ಗಿಡ ತನಗೆ ಬೇಕಾದುದನ್ನು ಮಾತ್ರ ಮಾಡುತ್ತದೆ. ನಮಗೆ ಬೇಕಾದುದನ್ನು ಕವಲು ಸಂಶ್ಲೇಷಣೆ ಒದಗಿಸಬಲ್ಲದು.

ಎರಡನೆಯದು, ನಿಸರ್ಗದಲ್ಲಿ ಇಲ್ಲದ ಮದ್ದುಗಳ ಸೃಷ್ಟಿ. ಕಾಶಿ ಕಣಗಿಲೆಯ ಎಲೆಗಳಲ್ಲಿ ವಿನ್‌ಬ್ಲಾಸ್ಟಿನ್ ಇರುವುದು ಅತ್ಯಲ್ಪ. ಒಂದು ಗ್ರಾಂ ಪಡೆಯಲು ನೂರಾರು ಕಿಲೋಗ್ರಾಂ ಒಣ ಎಲೆ ಬೇಕು. ಫ್ರಾನ್ಸ್ ದೇಶದ ಪಿಯರ್ ಪೊತಿಯೆ ಮತ್ತು ಅವರ ಸಂಗಡಿಗರು ಅದೇ ಗಿಡದಲ್ಲಿ ಹೆಚ್ಚಾಗಿರುವ ಎರಡು ಸರಳ ಆಲ್ಕಲಾಯ್ಡ್‌ಗಳನ್ನು ಜೋಡಿಸಿ, ಆ ಜೋಡಿಯಿಂದ ಹೊಸ ಕವಲೊಂದನ್ನು ತೆಗೆದು ವಿನೊರೆಲ್ಬಿನ್ ಎಂಬ ಔಷಧಿಯನ್ನು ರೂಪಿಸಿದರು. 1989ರಲ್ಲಿ ಫ್ರಾನ್ಸ್‌ನಲ್ಲಿ ಅದಕ್ಕೆ ಅನುಮತಿ ದೊರೆಯಿತು. ಶ್ವಾಸಕೋಶ ಮತ್ತು ಸ್ತನದ ಕ್ಯಾನ್ಸರುಗಳಲ್ಲಿ ಅದು ಇಂದು ಬಳಕೆಯಲ್ಲಿದೆ. ಅಮೆರಿಕದ ಡೇಲ್ ಬೋಗರ್ ಅವರ ತಂಡ ಇದೇ ಜೋಡಣೆಯ ದಾರಿಯನ್ನು ಇನ್ನಷ್ಟು ವಿಸ್ತರಿಸಿ, ವಿನ್‌ಬ್ಲಾಸ್ಟಿನ್‌ನ ಅನೇಕ ಹೊಸ ಸೋದರರನ್ನು ಕಟ್ಟಿ ಪರೀಕ್ಷಿಸಿದೆ.

ಮೂರನೆಯದು, ಗಿಡಮೂಲಿಕೆಗಳ ಉಳಿವು. ಸರ್ಪಗಂಧದ ಉದಾಹರಣೆ ನಮ್ಮ ಕಣ್ಣಮುಂದೆಯೇ ಇದೆ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು ರಕ್ತದೊತ್ತಡದಲ್ಲಿ ಸರ್ಪಗಂಧದ ಉಪಯೋಗವನ್ನು 1949ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪಿನ್ ಬೇರ್ಪಟ್ಟಿತು. ಜಗತ್ತೆಲ್ಲ ಆ ಬೇರಿಗೆ ಮುಗಿಬಿದ್ದಿತು. ಬೇರು ಕಿತ್ತರೆ ಗಿಡವೇ ಹೋಯಿತು. ಇಂದು ಸರ್ಪಗಂಧ ಅಂತಾರಾಷ್ಟ್ರೀಯ ವ್ಯಾಪಾರನಿಯಂತ್ರಣದ ಪಟ್ಟಿಯಲ್ಲಿದೆ. ಒಂದು ಅಣುವಿಗಾಗಿ ಒಂದು ಗಿಡವನ್ನೇ ಬಲಿಕೊಡಬೇಕಾಗಿಲ್ಲ ಎಂಬುದಾದರೆ, ಅದನ್ನು ಸ್ವಾಗತಿಸುವವರಲ್ಲಿ ಆಯುರ್ವೇದದವರು ಮೊದಲಿಗರಾಗಬೇಕು. ಕಾಡಿನ ಗಿಡ ಉಳಿದರೆ ತಾನೆ ನಮ್ಮ ಚೂರ್ಣ, ಕ್ವಾಥಗಳು ಉಳಿಯುವುದು?

‘ನೈಸರ್ಗಿಕ’ ಎಂಬ ಮಾತಿನ ಮಿತಿ

ಚಿಕಿತ್ಸೆಗೆ ಬರುವ ಅನೇಕರು ‘ಇದು ಗಿಡಮೂಲಿಕೆಯದೋ, ರಾಸಾಯನಿಕವೋ?’ ಎಂದು ಕೇಳುತ್ತಾರೆ. ಗಿಡದ್ದಾದರೆ ನಿರ್ಭಯ, ರಾಸಾಯನಿಕವಾದರೆ ಅಪಾಯ ಎಂಬ ನಂಬಿಕೆ ಆ ಪ್ರಶ್ನೆಯ ಹಿಂದಿರುತ್ತದೆ. ಮೇಲಿನ ಕಥೆ ಈ ನಂಬಿಕೆಯನ್ನು ಎರಡೂ ಕಡೆಯಿಂದ ತಿದ್ದುತ್ತದೆ. ಕಾಸರ್ಕದ ಬೀಜದಿಂದ ತೆಗೆದ ಸ್ಟ್ರಿಕ್ನಿನ್ ಮತ್ತು ಪ್ರಿನ್ಸ್‌ಟನ್ನಿನಲ್ಲಿ ಕಟ್ಟಿದ ಸ್ಟ್ರಿಕ್ನಿನ್‌ಗಳ ನಡುವೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನಮ್ಮ ಬೆನ್ನುಹುರಿಯ ನರಗಳು ಅಣುವಿನ ಆಕಾರವನ್ನು ಮಾತ್ರ ಬಲ್ಲವು. ಅದರ ಹುಟ್ಟೂರನ್ನು ವಿಚಾರಿಸುವುದಿಲ್ಲ.

ಆ ನರಗಳಲ್ಲಿ ಸ್ನಾಯುಗಳ ಚಲನೆಗೆ ಕಡಿವಾಣ ಹಾಕುವ ಗ್ಲೈಸಿನ್ ಎಂಬ ವಸ್ತುವಿದೆ. ಸ್ಟ್ರಿಕ್ನಿನ್ ಆ ಗ್ಲೈಸಿನ್ ಕುಳಿತುಕೊಳ್ಳಬೇಕಾದ ಸ್ಥಾನವನ್ನು ತಡೆಯುತ್ತದೆ. ಕಡಿವಾಣ ಕಳಚಿದಾಗ ಮೈಯ ಸ್ನಾಯುಗಳೆಲ್ಲ ಒಮ್ಮೆಗೇ ಬಿಗಿಯುತ್ತವೆ. ಸಣ್ಣ ಸದ್ದು, ಬೆಳಕು, ಸ್ಪರ್ಶವೂ ಸೆಟೆತವನ್ನು ತರುತ್ತದೆ. ರೋಗಿಗೆ ಎಚ್ಚರವಿರುತ್ತದೆ ಎಂಬುದೇ ಅದರ ದಾರುಣತೆ. ಉಸಿರಾಟದ ಸ್ನಾಯುಗಳು ಬಿಗಿದಾಗ ಪ್ರಾಣ ಹೋಗುತ್ತದೆ.

ಇಂತಹ ಕಾಸರ್ಕವನ್ನು ನಮ್ಮ ಶಾಸ್ತ್ರ ಔಷಧಿಯಾಗಿ ಬಳಸಿಲ್ಲವೇ? ಬಳಸಿದೆ, ಆದರೆ ಉಪವಿಷಗಳ ಸಾಲಿನಲ್ಲಿ ನಿಲ್ಲಿಸಿ ಬಳಸಿದೆ. ಬೀಜವನ್ನು ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆಯನ್ನೂ ಒಳಮೊಳಕೆಯನ್ನೂ ತೆಗೆದು, ತುಪ್ಪದಲ್ಲಿ ಹುರಿದು ಶೋಧನೆ ಮಾಡಿದ ಮೇಲೆಯೇ ಅಗ್ನಿತುಂಡಿ ವಟಿ, ವಿಷತಿಂದುಕ ವಟಿ ಮುಂತಾದ ಯೋಗಗಳಲ್ಲಿ ಅದಕ್ಕೆ ಪ್ರವೇಶ. ಶೋಧನೆಯಿಂದ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್‌ಗಳ ಪ್ರಮಾಣ ಇಳಿಯುವುದನ್ನು ಆಧುನಿಕ ವಿಶ್ಲೇಷಣೆಗಳೂ ತೋರಿಸಿವೆ. ಇಳಿಯುತ್ತದೆ, ಶೂನ್ಯವಾಗುವುದಿಲ್ಲ. ಆದುದರಿಂದಲೇ ನಮ್ಮ ದೇಶದ ಔಷಧ ನಿಯಮಾವಳಿಯ ವಿಷದ್ರವ್ಯಗಳ ಪಟ್ಟಿಯಲ್ಲಿ ವಿಷಮುಷ್ಟಿಯ ಹೆಸರಿದೆ. ಅದು ಸೇರಿದ ಔಷಧಿಯ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸುವುದು ಕಡ್ಡಾಯ. ಯುಕ್ತಿಯಿಂದ ಬಳಸಿದಾಗ ವಿಷವೂ ಮದ್ದಾಗುವುದು, ಯುಕ್ತಿ ತಪ್ಪಿದಾಗ ಮದ್ದೂ ವಿಷವಾಗುವುದು ಎಂಬ ಚರಕಸಂಹಿತೆಯ ಆಶಯಕ್ಕೆ ಕಾಸರ್ಕಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ.

ಹಾಗೆಂದು ಅಣುವೊಂದೇ ಸರ್ವಸ್ವವೆಂದು ನಾನು ಹೇಳುತ್ತಿಲ್ಲ. ಸಪ್ತಪರ್ಣದ ಕ್ವಾಥದಲ್ಲಿ ಒಂದಲ್ಲ, ಹತ್ತಾರು ಸತ್ತ್ವಗಳಿವೆ. ಅವು ಕೂಡಿ ಮಾಡುವ ಕೆಲಸವನ್ನು ಒಂದನ್ನೇ ಬೇರ್ಪಡಿಸಿ ಅಳೆಯಲಾಗದು. ಆದರೆ ಆ ಹತ್ತಾರರಲ್ಲಿ ಯಾವುದು ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಒಂದೊಂದನ್ನೂ ಶುದ್ಧವಾಗಿ ಕೈಗೆ ಕೊಡುವ ವಿದ್ಯೆ ಬೇಕು. ಆ ಮಟ್ಟಿಗೆ ಸಂಶ್ಲೇಷಣೆ ದ್ರವ್ಯಗುಣ ವಿಜ್ಞಾನಕ್ಕೆ ಒತ್ತಾಸೆಯಾಗಿದೆ.

ನೆನಪಿಡಬೇಕಾದ ಸಂಗತಿಗಳು

ಹಾಲೆಯ ಎಲೆಗಳು ಒಂದೇ ಗಣ್ಣಿನ ಸುತ್ತ ಚಕ್ರಾಕಾರವಾಗಿ, ಸಾಮಾನ್ಯವಾಗಿ ಏಳು, ಕೆಲವೊಮ್ಮೆ ಹೆಚ್ಚು ಕಡಿಮೆ ಇರುತ್ತವೆ. ಗಾಯ ಮಾಡಿದರೆ ಬಿಳಿಯ ಹಾಲು ಒಸರುತ್ತದೆ. ಕಾಯಿ ನೂಲಿನಂತೆ ಉದ್ದ, ಜೋಡಿಯಾಗಿ ಜೋತಾಡುವಂತಹುದು. ಕಾಸರ್ಕದ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ. ಹೊಳಪಿನ ಎಲೆಯ ಬುಡದಿಂದಲೇ ಮೂರರಿಂದ ಐದು ನರಗಳು ಎದ್ದು ಕಾಣುತ್ತವೆ. ಅದರಲ್ಲಿ ಹಾಲು ಇಲ್ಲ. ಹಣ್ಣು ಕಿತ್ತಳೆಯಂತೆ ದುಂಡಗೆ, ಬೀಜ ನಾಣ್ಯದಂತೆ ಚಪ್ಪಟೆ. ಆದರೆ ಹಾಲು ಬಂದ ಮಾತ್ರಕ್ಕೆ ಅದು ಹಾಲೆಯೆಂದು ತಿಳಿಯಬಾರದು. ಹಾಲು ಸುರಿಸುವ ವಿಷದ ಗಿಡಗಳೂ ಬೇಕಾದಷ್ಟಿವೆ.

ಆದುದರಿಂದ ಮರವನ್ನು ಬಲ್ಲ ಹಿರಿಯರೊಬ್ಬರು ಹಗಲಿನಲ್ಲಿಯೇ ನೋಡಿ ಗುರುತು ಮಾಡಿಟ್ಟ ಮರದ ತೊಗಟೆಯನ್ನು ಮಾತ್ರ ತರಬೇಕು. ಕತ್ತಲಲ್ಲಿ ಅಂದಾಜಿನ ಮೇಲೆ ತಂದುದನ್ನು, ಬೇರೆಯವರು ಬಾಟಲಿಯಲ್ಲಿ ತುಂಬಿ ಹಂಚಿದುದನ್ನು, ಗುರುತು ಖಚಿತವಿಲ್ಲದಿದ್ದರೆ ಬಾಯಿಗಿಡಬಾರದು. ಮಕ್ಕಳಿಗೂ ಗರ್ಭಿಣಿಯರಿಗೂ ಇಂತಹ ಕಷಾಯಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು. ಮಂಡಿನೋವಿಗೆಂದೋ ಜೀರ್ಣಶಕ್ತಿಗೆಂದೋ ಕಾಸರ್ಕದ ಬೀಜವನ್ನು ಮನೆಯಲ್ಲಿ ಶುದ್ಧಿ ಮಾಡಿ ಸೇವಿಸುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಅಂಗಡಿಯಿಂದ ತಂದ ಗುಳಿಗೆಯ ಚೀಟಿಯಲ್ಲಿ ಕುಪೀಲು, ಕಾರಸ್ಕರ, ವಿಷಮುಷ್ಟಿ, ವಿಷತಿಂದುಕ ಎಂಬ ಯಾವ ಹೆಸರಿದ್ದರೂ ಅದು ಇದೇ ಕಾಸರ್ಕವೆಂದು ತಿಳಿಯಬೇಕು.

ಕಷಾಯ ಕುಡಿದ ಅರ್ಧ ಗಂಟೆಯೊಳಗೆ ಕುತ್ತಿಗೆ, ದವಡೆ ಬಿಗಿದು, ಮೈ ಸೆಟೆಯಲಾರಂಭಿಸಿದರೆ ಮನೆಮದ್ದಿಗೆ ಕಾಲಹರಣ ಮಾಡದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ವಾಂತಿ ಮಾಡಿಸಲು ಯತ್ನಿಸಬಾರದು. ಸದ್ದು, ಬೆಳಕು, ಗುಂಪು ಇಲ್ಲದಂತೆ ನೋಡಿಕೊಳ್ಳಬೇಕು. ಉಳಿದ ತೊಗಟೆಯ ತುಂಡನ್ನು ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಅನುಕೂಲವಾಗುತ್ತದೆ. ಸೆಟೆತವನ್ನು ತಡೆಯುವ ಔಷಧಿ ಮತ್ತು ಕೃತಕ ಉಸಿರಾಟ ಸಕಾಲದಲ್ಲಿ ದೊರೆತರೆ ರೋಗಿಯನ್ನು ಉಳಿಸಿಕೊಳ್ಳಬಹುದು.

ಒಂದೇ ಬುಡದಿಂದ ಒಡೆದ ಕವಲುಗಳಲ್ಲಿ ಒಂದು ಕಾಯುತ್ತದೆ, ಒಂದು ಕೊಲ್ಲುತ್ತದೆ. ಬುಡದ ಹೆಸರು ಕೇಳಿ ಕೊಂಬೆಯನ್ನು ನಂಬಲಾಗದು. ಗಿಡದ್ದೆಂಬ ಕಾರಣಕ್ಕೆ ಒಪ್ಪಲೂ ಆಗದು, ಪ್ರಯೋಗಾಲಯದ್ದೆಂಬ ಕಾರಣಕ್ಕೆ ತಿರಸ್ಕರಿಸಲೂ ಆಗದು. ಕೈಗೆ ಬಂದದ್ದು ಯಾವ ಕವಲಿನದು, ಎಷ್ಟು ಪ್ರಮಾಣದ್ದು, ಯಾರ ಮೇಲ್ವಿಚಾರಣೆಯಲ್ಲಿ ಸೇವಿಸುತ್ತಿದ್ದೇವೆ ಎಂದು ಕೇಳುವ ಅಭ್ಯಾಸವೊಂದು ಪ್ರತಿ ಮನೆಯಲ್ಲಿ ಬೆಳೆದರೆ ಸಾಕು.